ಚಿಕ್ಕ ಫೈಲಿಗೆ ದೀರ್ಘಾಯುಷ್ಯ

ಸಂಬಳದ ವಾರದಲ್ಲಿ ಮಸ್ಕತ್‌ನ ರೂವಿ ಹೈಸ್ಟ್ರೀಟಿಗೆ ಹೋದವರಿಗೆ ಎಕ್ಸ್‌ಚೇಂಜ್ ಅಂಗಡಿಗಳ ಮುಂದಿನ ಸಾಲು ಹೊಸದಲ್ಲ. ಇವತ್ತು ರಿಯಾಲಿಗೆ ಎಷ್ಟು ಎಂದು ವಿಚಾರಿಸದೆ ಊರಿಗೆ ದುಡ್ಡು ಹಾಕುವವರು ಕಡಿಮೆ. ಒಮಾನಿನ ರಿಯಾಲ್ 1986ರಿಂದ ಡಾಲರಿನ ಜತೆ ಒಂದೇ ದರಕ್ಕೆ ಅಂಟಿಕೊಂಡಿದೆ. ಏರಿಳಿಯುವುದೆಲ್ಲ ನಮ್ಮ ರೂಪಾಯಿ. ಈ ದರ ತಿಳಿಯುವ ಕುತೂಹಲಕ್ಕೂ ಕಂಪ್ಯೂಟರ್ ಲೋಕದ ಒಂದು ಪುಟ್ಟ ಸಲಕರಣೆಗೂ ನಂಟಿದೆ. 1996ರಲ್ಲಿ ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಎಂಬ ಪ್ರೋಗ್ರಾಮರ್ ತಮ್ಮ ಚಾಟ್ ರೂಮಿನಲ್ಲಿ ಕೇಳಿದವರಿಗೆ ಕರೆನ್ಸಿ ದರ ಹೇಳುವ ಬಾಟ್ ಒಂದನ್ನು ನಡೆಸುತ್ತಿದ್ದರು. ದರವನ್ನು ವೆಬ್ ಪುಟದಿಂದ ತಾನಾಗಿ ತಂದುಕೊಡುವ ಪ್ರೋಗ್ರಾಮಿಗಾಗಿ ಹುಡುಕಿದಾಗ ಬ್ರೆಜಿಲ್‌ನ ರಫಾಯೆಲ್ ಸಗುಲಾ ಬರೆದ ಸಣ್ಣದೊಂದು ಕೈಗೆ ಸಿಕ್ಕಿತು. ಅದನ್ನೇ ತಿದ್ದುತ್ತಾ, ಬೆಳೆಸುತ್ತಾ ಹೋದರು. ತರುವುದರ ಜತೆಗೆ ಕಳಿಸುವುದನ್ನೂ ಕಲಿಸಿ, 1998ರ ಮಾರ್ಚ್ 20ರಂದು 'ಕರ್ಲ್' ಎಂಬ ಹೊಸ ಹೆಸರಿನಲ್ಲಿ ಬಿಡುಗಡೆ ಮಾಡಿದರು.

ಇಂದು ಕರ್ಲ್ ಇಲ್ಲದ ಯಂತ್ರ ಹುಡುಕುವುದೇ ಕಷ್ಟ. ಫೋನು, ಟಿವಿ, ಕಾರು ಎಲ್ಲದರ ಒಳಗೂ ಅದು ಸೇರಿಕೊಂಡಿದೆ. ಲಿನಕ್ಸ್, ಮ್ಯಾಕ್‌ಗಳಲ್ಲಿ ಮೊದಲಿನಿಂದಲೂ ಸಿಗುತ್ತಿತ್ತು. ವಿಂಡೋಸ್ 10ಕ್ಕೆ 2018ರ ಆವೃತ್ತಿಯಿಂದ ಬಂತು. ಅಂದರೆ ರೂವಿಯ ಅಕೌಂಟೆಂಟ್ ಒಬ್ಬರ ಆಫೀಸ್ ಲ್ಯಾಪ್‌ಟಾಪಿನಲ್ಲಿಯೂ ಅದು ಇದೆ. ಕಪ್ಪು ಪರದೆ ತೆರೆದು ಹೆಸರು ಟೈಪ್ ಮಾಡದ ಕಾರಣ ಅವರಿಗೆ ಗೊತ್ತಿಲ್ಲ, ಅಷ್ಟೆ.

ಗೊತ್ತಿರುವವರು ಇದನ್ನು ಬಳಸುವ ಕೆಲಸಗಳಲ್ಲಿ ಒಂದು: ಚಿತ್ರವೊಂದನ್ನು ತಾತ್ಕಾಲಿಕ ತಾಣಕ್ಕೆ ಏರಿಸಿ, ಬಂದ ಲಿಂಕನ್ನು ಇನ್ನೊಬ್ಬರಿಗೆ ಕೊಡುವುದು. ದುಕ್ಮ್ ಬಂದರಿನ ಕಡೆಯಲ್ಲೋ, ಮರುಭೂಮಿಯ ನಡುವಿನ ತೈಲ ಕ್ಯಾಂಪಿನಲ್ಲೋ ಕೆಲಸ ಮಾಡುವ ಸಿಸ್ಟಮ್ ಅಡ್ಮಿನ್ ಬೆಂಗಳೂರಿನ ಸಪೋರ್ಟ್ ತಂಡಕ್ಕೆ ಏನನ್ನಾದರೂ ತೋರಿಸಬೇಕು. ಅವರು ಕೂತಿರುವುದು ಮೌಸೂ ಇಲ್ಲದ, ಬ್ರೌಸರೂ ಇಲ್ಲದ ಸರ್ವರಿನ ಮುಂದೆ. ಗ್ರಾಫ್ ಇರುವ ಚಿತ್ರವೂ ಆ ಸರ್ವರಿನಲ್ಲೇ ಇದೆ. ವಾಟ್ಸ್‌ಆ್ಯಪ್ ಕರೆಗಳಿಗೆ ವರ್ಷಗಟ್ಟಲೆ ನಿರ್ಬಂಧ ಕಂಡಿರುವ ಒಮಾನಿನಲ್ಲಿ ಪರದೆ ತೋರಿಸಿ ಮಾತಾಡುವ ಅಭ್ಯಾಸಕ್ಕಿಂತ ಲಿಂಕ್ ಕಳಿಸುವ ಅಭ್ಯಾಸ ಗಟ್ಟಿಯಾಗಿದ್ದರೆ ಆಶ್ಚರ್ಯವಿಲ್ಲ.

ಆಜ್ಞೆ ಫೋನಿನಲ್ಲಿ ಹೇಳಿ ಬರೆಸುವಷ್ಟು ಚಿಕ್ಕದು. "ಕರ್ಲ್ ಅಂತ ಹೊಡಿ, ಸ್ಪೇಸ್, ಹೈಫನ್, ದೊಡ್ಡ ಎಫ್. ಆಮೇಲೆ ಫೈಲ್, ಈಕ್ವಲ್ ಟು, ಆ್ಯಟ್ ಚಿಹ್ನೆ, ಅದಕ್ಕೆ ಅಂಟಿಸಿ ಫೋಟೋದ ಹೆಸರು. ಸ್ಪೇಸ್ ಬಿಟ್ಟು ತಾಣದ ವಿಳಾಸ. ಎಂಟರ್." ತಾಣ ಯಾವುದು? ಹೆಚ್ಚು ಕೇಳಿಬರುವ ಹೆಸರು 'ಝೀರೋ ಎಕ್ಸ್ ಝೀರೋ ಡಾಟ್ ಎಸ್‌ಟಿ'. ಕ್ಯಾಟ್‌ಬಾಕ್ಸ್‌ನವರ 'ಲಿಟರ್‌ಬಾಕ್ಸ್' ಇನ್ನೊಂದು. ಅಲ್ಲಿ ಒಂದು ಗಂಟೆ, ಹನ್ನೆರಡು ಗಂಟೆ, ಒಂದು ದಿನ, ಮೂರು ದಿನ ಎಂದು ಅವಧಿಯನ್ನು ನಾವೇ ಹೇಳಬೇಕು. ಖಾತೆ ಬೇಡ, ಪಾಸ್‌ವರ್ಡ್ ಬೇಡ, ಒಟಿಪಿ ಬೇಡ. ಎಂಟರ್ ಒತ್ತಿದ ಕ್ಷಣಾರ್ಧದಲ್ಲಿ ಪರದೆಯ ಮೇಲೆ ಒಂದೇ ಸಾಲಿನ ಉತ್ತರ ಬರುತ್ತದೆ, ಅದೇ ಲಿಂಕು.

ಒಳಗೆ ನಡೆಯುವುದೂ ದೊಡ್ಡ ಮಾಯವೇನಲ್ಲ. ವೆಬ್ ಪುಟದಲ್ಲಿ 'ಫೈಲ್ ಆರಿಸಿ' ಎಂಬ ಗುಂಡಿ ಒತ್ತಿ ಕಳಿಸಿದಾಗ ಬ್ರೌಸರ್ ಏನು ಮಾಡುತ್ತದೋ ಅದನ್ನೇ ಕರ್ಲ್ ಪುಟವಿಲ್ಲದೆ ಮಾಡುತ್ತದೆ. ಆ ಪದ್ಧತಿಯನ್ನು ಝೆರಾಕ್ಸ್ ಕಂಪನಿಯ ಲ್ಯಾರಿ ಮ್ಯಾಸಿಂಟರ್, ಅರ್ನೆಸ್ಟೊ ನೆಬೆಲ್ ಎಂಬಿಬ್ಬರು 1995ರ ನವೆಂಬರಿನಲ್ಲಿ ಬರೆದಿಟ್ಟರು. ಕಳಿಸುವವನು ಯಾವುದೋ ಒಂದು ಗುರುತಿನ ಸಾಲನ್ನು ಗಡಿಯಾಗಿ ಇಟ್ಟುಕೊಳ್ಳುತ್ತಾನೆ, ಎರಡು ಗಡಿಗಳ ನಡುವೆ ಫೈಲಿನ ಬೈಟ್‌ಗಳನ್ನು ಇದ್ದ ಹಾಗೇ ತುಂಬುತ್ತಾನೆ, ಸರ್ವರ್ ಗಡಿ ನೋಡಿ ಬಿಡಿಸಿಕೊಳ್ಳುತ್ತದೆ. 'ಇದ್ದ ಹಾಗೇ' ಎಂಬ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದಿನ ಅನುಕೂಲ, ಅಪಾಯ ಎರಡೂ ಅಲ್ಲಿಂದಲೇ ಹುಟ್ಟುತ್ತವೆ.

ಅನುಕೂಲದ ಉದಾಹರಣೆ ಹೊರನಾಡಿನ ಕನ್ನಡ ಸಂಘಗಳ ಪದಾಧಿಕಾರಿಗಳಿಗೆ ಚೆನ್ನಾಗಿ ಗೊತ್ತು. ರಾಜ್ಯೋತ್ಸವಕ್ಕೋ ಯಕ್ಷಗಾನಕ್ಕೋ ಬ್ಯಾನರ್ ಆಗಬೇಕು. ವಿನ್ಯಾಸ ಮಾಡಿದವರು ಉಡುಪಿಯಲ್ಲಿದ್ದಾರೆ, ಮುದ್ರಿಸುವ ಪ್ರೆಸ್ ಮಸ್ಕತ್‌ನಲ್ಲಿದೆ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಅರಬಿ, ಇಂಗ್ಲಿಷ್ ಫಾಂಟುಗಳಿವೆ, ಕನ್ನಡದ 'ನುಡಿ'ಯೂ ಇಲ್ಲ, 'ಬರಹ'ವೂ ಇಲ್ಲ. ಮೂಲ ವಿನ್ಯಾಸದ ಫೈಲನ್ನೇ ಕಳಿಸಿದರೆ ಅಲ್ಲಿ ತೆರೆದಾಗ ಒತ್ತಕ್ಷರ ಬೇರೆ, ಮೂಲಾಕ್ಷರ ಬೇರೆಯಾಗಿ ಚೆದುರಿ, 'ಕರ್ನಾಟಕ'ದ ಅರ್ಕಾವೊತ್ತು ಎಲ್ಲೋ ತೇಲುತ್ತಿರುತ್ತದೆ. ಓದಲು ಬಾರದ ಆಪರೇಟರ್ ಪಾಪ ಅದನ್ನೇ ಹದಿನೈದು ಅಡಿ ಉದ್ದಕ್ಕೆ ಮುದ್ರಿಸಿ ಕೊಡಬಹುದು. ಹಾಗಾಗಿ ಅಕ್ಷರವನ್ನೆಲ್ಲ ಚಿತ್ರವಾಗಿ ಮಾಡಿ, ಪಿಎನ್‌ಜಿ ರೂಪದಲ್ಲಿ ಕಳಿಸುವುದೇ ಕ್ಷೇಮ. ಅಂಥ ಫೈಲು ನಲವತ್ತು, ಐವತ್ತು ಎಂಬಿ ತೂಗುತ್ತದೆ. ಜಿಮೇಲ್ 25 ಎಂಬಿಗೆ ಕೈ ಎತ್ತುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಎಂದು ಹಾಕಿದರೆ ಅದು ಹಿಂಡಿ ಹಿಪ್ಪೆ ಮಾಡುತ್ತದೆ. 2023ರಲ್ಲಿ ಎಚ್‌ಡಿ ಆಯ್ಕೆ ಬಂದ ಮೇಲೂ ಬ್ಯಾನರ್ ಮುದ್ರಣಕ್ಕೆ ಅದು ಸಾಲದು. ಕರ್ಲ್ ಮಾತ್ರ ಒಂದು ಬೈಟನ್ನೂ ಮುಟ್ಟುವುದಿಲ್ಲ. ಲಿಂಕ್ ಪ್ರೆಸ್ಸಿಗೆ ಹೋಯಿತು, ಇಳಿಸಿಕೊಂಡರು, ಮುಗಿಯಿತು. ಮೂರು ದಿನದಲ್ಲಿ ಫೈಲು ತಾನೇ ಅಳಿದುಹೋದರೆ ಯಾರಿಗೂ ನಷ್ಟವಿಲ್ಲ.

ಇಲ್ಲೊಂದು ಪುಟ್ಟ ತಾಪತ್ರಯವಿದೆ. ಕಳಿಸುವ ಫೈಲಿನ ಹೆಸರನ್ನೇ ಲಿಂಕಿನಲ್ಲಿ ಉಳಿಸಿಕೊಳ್ಳುವ ತಾಣಗಳಲ್ಲಿ ಕನ್ನಡದ ಹೆಸರು ಇಡಬಾರದು. ವೆಬ್ ವಿಳಾಸದಲ್ಲಿ ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟ್ ಆಗಿ, ಒಂದೊಂದು ಬೈಟೂ ಶೇಕಡಾ ಚಿಹ್ನೆಯ ಜತೆ ಮೂರು ಅಕ್ಷರವಾಗಿ ಹಿಗ್ಗುತ್ತದೆ. 'ಯಕ್ಷಗಾನ' ಎಂಬ ಒಂದು ಪದ 63 ಅಕ್ಷರಗಳ ಬಾಲವಾಗುತ್ತದೆ. ಅರ್ಧ ಕಾಪಿಯಾಗಿ ತುಂಡಾದ ಲಿಂಕ್ ಹಿಡಿದುಕೊಂಡು ಪ್ರೆಸ್ಸಿನವರು ವಾಪಸ್ ಫೋನ್ ಮಾಡುತ್ತಾರೆ.

ಬ್ಯಾನರಿನ ಮಾತು ಅಲ್ಲಿಗೆ ಸಾಕು. ಕಷ್ಟ ಶುರುವಾಗುವುದು ಇದೇ ಸಲೀಸು ದಾರಿಯಲ್ಲಿ ಬೇರೆ ಕಾಗದಗಳು ಹೊರಟಾಗ.

ಕೊಲ್ಲಿಯಲ್ಲಿ ಬದುಕು ಎಂದರೆ ಪ್ರತಿಗಳ ಬದುಕು. ಪಾಸ್‌ಪೋರ್ಟಿನ ಮೊದಲ ಪುಟ, ವೀಸಾ, ರೆಸಿಡೆಂಟ್ ಕಾರ್ಡಿನ ಎರಡೂ ಬದಿ, ಬಾಡಿಗೆ ಕರಾರು, ಮಗುವಿನ ಜನನ ಪ್ರಮಾಣಪತ್ರ. ಕಂಪನಿಯ ಪಿಆರ್‌ಒಗೆ ಒಂದು, ಸರ್ಕಾರಿ ಅರ್ಜಿ ತುಂಬಿಕೊಡುವ ಸನದ್ ಕಚೇರಿಗೆ ಒಂದು, ಶಾಲೆಗೆ ಒಂದು, ಮಂಗಳೂರಿನ ಟ್ರಾವೆಲ್ ಏಜೆಂಟಿಗೆ ಒಂದು. ಸ್ಕ್ಯಾನ್ ಮಾಡಿಟ್ಟ ಪ್ರತಿಯನ್ನು ಆಫೀಸಿನ ಕಂಪ್ಯೂಟರಿನಿಂದ ತಾತ್ಕಾಲಿಕ ತಾಣಕ್ಕೆ ಏರಿಸಿ ಲಿಂಕ್ ಕೊಡುವುದು ಸುಲಭ. ಹೇಗಿದ್ದರೂ ಅಳಿದುಹೋಗುತ್ತದಲ್ಲ ಎಂಬ ಧೈರ್ಯ ಬೇರೆ.

ಆ ಧೈರ್ಯವನ್ನು ಲೆಕ್ಕ ಹಾಕಿ ನೋಡಬೇಕು. ಝೀರೋ ಎಕ್ಸ್ ಝೀರೋ ತಾಣ ತನ್ನ ಲೆಕ್ಕಾಚಾರವನ್ನು ಮುಖಪುಟದಲ್ಲೇ ಬರೆದುಕೊಂಡಿದೆ, ಯಾವ ಮುಚ್ಚುಮರೆಯೂ ಇಲ್ಲ. ಫೈಲಿನ ಗರಿಷ್ಠ ಗಾತ್ರ 512 ಎಂಬಿ. ಕನಿಷ್ಠ ಆಯುಷ್ಯ 30 ದಿನ, ಗರಿಷ್ಠ ಒಂದು ವರ್ಷ. ಫೈಲು ದೊಡ್ಡದಾದಷ್ಟೂ ಬೇಗ ಸಾಯುತ್ತದೆ, ಅದೂ ಸರಳ ಅನುಪಾತದಲ್ಲಲ್ಲ, ಘನದ ಸೂತ್ರದಲ್ಲಿ. 512 ಎಂಬಿಯ ವಿಡಿಯೊ ತಿಂಗಳಿಗೆ ಮಾಯ. ಅದರ ಅರ್ಧ ತೂಕದ್ದು 72 ದಿನ ಇರುತ್ತದೆ. ಇನ್ನೂರು ಕೆಬಿಯ ಪಾಸ್‌ಪೋರ್ಟ್ ಪ್ರತಿ? ಸೂತ್ರಕ್ಕೆ ಹಾಕಿದರೆ 364 ದಿನ ದಾಟಿ ಅರ್ಧ ದಿನ. ತಾಣದವರ ದೃಷ್ಟಿಯಲ್ಲಿ ಇದು ನ್ಯಾಯವೇ. ಡಿಸ್ಕಿನಲ್ಲಿ ಜಾಗ ತಿನ್ನುವುದು ದೊಡ್ಡ ಫೈಲು, ಅದನ್ನು ಬೇಗ ಕಳಿಸಬೇಕು. ಚಿಕ್ಕದು ಮೂಲೆಯಲ್ಲಿದ್ದರೆ ಖರ್ಚೇನಿಲ್ಲ. ನಮ್ಮ ದೃಷ್ಟಿಯಿಂದ ಮಾತ್ರ ಎಲ್ಲ ತಲೆಕೆಳಗು. ಮದುವೆಯ ವಿಡಿಯೊ ಬೇಗ ಹೋಗುತ್ತದೆ. ಯಾರ ಕೈಗೂ ಸಿಗಬಾರದ ಕಾಗದ, ಅದು ಹಗುರವಾಗಿರುವ ಒಂದೇ ಕಾರಣಕ್ಕೆ, ಎಲ್ಲಕ್ಕಿಂತ ದೀರ್ಘಕಾಲ ಸಾರ್ವಜನಿಕವಾಗಿ ನೆಲೆಸುತ್ತದೆ. ಅವಧಿ ಕಡಿಮೆ ಮಾಡಿ ಎಂದು ಅಪ್‌ಲೋಡ್ ಮಾಡುವಾಗಲೇ ಹೇಳುವ ಸೌಲಭ್ಯವಿದೆ. ಹೇಳದಿದ್ದರೆ ಸೂತ್ರವೇ ಗತಿ.

ಲಿಂಕ್ ಯಾರಿಗೂ ಗೊತ್ತಿಲ್ಲವಲ್ಲ ಎನ್ನಬಹುದು. ಲಿಂಕಿನ ಕೊನೆಯಲ್ಲಿರುವ ಗುರುತು ನಾಲ್ಕು ಅಕ್ಷರದ್ದು ಎಂದುಕೊಳ್ಳಿ. ಇಂಗ್ಲಿಷಿನ ದೊಡ್ಡ, ಸಣ್ಣ ಅಕ್ಷರ ಮತ್ತು ಅಂಕಿ ಸೇರಿ 62. ನಾಲ್ಕು ಸ್ಥಾನಕ್ಕೆ ಒಟ್ಟು 1,47,76,336 ಸಾಧ್ಯತೆ. ದೊಡ್ಡ ಸಂಖ್ಯೆಯಂತೆ ಕಾಣುತ್ತದೆ. ಸೆಕೆಂಡಿಗೆ ನೂರರಂತೆ ಒಂದೊಂದೇ ವಿಳಾಸ ತಟ್ಟುತ್ತಾ ಹೋಗುವ ಪ್ರೋಗ್ರಾಮಿಗೆ ಎಲ್ಲವನ್ನೂ ಮುಗಿಸಲು ಎರಡು ದಿನವೂ ಬೇಕಿಲ್ಲ, 41 ಗಂಟೆ ಸಾಕು. ತಾಣದವರು ಅಂಥವರನ್ನು ತಡೆಯಲು ನೋಡುತ್ತಾರೆ, ನಿಜ. ಆದರೂ ಕಂಪ್ಯೂಟರ್ ಪರದೆಯ ಚಿತ್ರ ಹಂಚುವ 'ಲೈಟ್‌ಶಾಟ್' ಸೇವೆಯಲ್ಲಿ ಗುರುತುಗಳು ಒಂದರ ಹಿಂದೊಂದು ಸರದಿಯಲ್ಲಿ ಬರುತ್ತಿದ್ದದ್ದರಿಂದ, ಒಂದು ಅಕ್ಷರ ಬದಲಿಸಿದರೆ ಬೇರೆಯವರ ಪಾಸ್‌ವರ್ಡ್, ಗುರುತುಚೀಟಿಗಳೆಲ್ಲ ಕಾಣಿಸುತ್ತಿದ್ದವು. 2016ರಲ್ಲಿ ಕಾರ್ನೆಲ್ ಟೆಕ್‌ನ ಸಂಶೋಧಕರು ಆರಕ್ಷರದ ಕಿರು ಲಿಂಕ್‌ಗಳನ್ನು ಹೀಗೇ ತಟ್ಟುತ್ತಾ ಹೋಗಿ ಜನರ ಖಾಸಗಿ ಕಡತಗಳನ್ನು ತಲುಪಿದ್ದರು. ಝೀರೋ ಎಕ್ಸ್ ಝೀರೋದಲ್ಲಿ 'ಸೀಕ್ರೆಟ್' ಎಂಬ ಇನ್ನೊಂದು ತುಂಡನ್ನು ಆಜ್ಞೆಗೆ ಸೇರಿಸಿದರೆ ಊಹಿಸಲಾಗದ ಉದ್ದನೆಯ ವಿಳಾಸ ಕೊಡುತ್ತಾರೆ. ಅದು ಬೇಕೆಂದು ಕೇಳಿದವರಿಗೆ ಮಾತ್ರ.

ಬೀಗ ಹಾಕದ ಮನೆಯ ವಿಳಾಸವನ್ನು ಗುಟ್ಟಾಗಿಡುವ ಭದ್ರತೆ ಇದು. ವಿಳಾಸ ಒಮ್ಮೆ ಹೊರಬಿದ್ದರೆ ಗ್ರೂಪಿನಿಂದ ಗ್ರೂಪಿಗೆ ಫಾರ್ವರ್ಡ್ ಆಗುತ್ತದೆ. ಮುನ್ನೋಟದ ಪುಟ್ಟ ಚಿತ್ರ ತೋರಿಸಲೆಂದು ಕೆಲವು ಮೆಸೆಂಜರ್‌ಗಳ ಸರ್ವರ್‌ಗಳೇ ಹೋಗಿ ಫೈಲನ್ನು ತೆರೆದು ಬರುತ್ತವೆ. ಮೂಲ ತಾಣದಲ್ಲಿ ಅಳಿದ ಮೇಲೂ ಇಳಿಸಿಕೊಂಡವರ ಪ್ರತಿ ಅಳಿಯುವುದಿಲ್ಲ.

ಇನ್ನು ಆ 'ಇದ್ದ ಹಾಗೇ' ವಿಷಯ. ಫೋನಿನಲ್ಲಿ ತೆಗೆದ ಫೋಟೋದ ಒಡಲಲ್ಲಿ ಎಕ್ಸಿಫ್ ಎಂಬ ಟಿಪ್ಪಣಿ ಅಡಗಿರುತ್ತದೆ: ಯಾವ ಫೋನು, ಯಾವ ದಿನ, ಎಷ್ಟು ಗಂಟೆ, ಲೊಕೇಶನ್ ಆನ್ ಆಗಿದ್ದರೆ ಅಕ್ಷಾಂಶ ರೇಖಾಂಶ ಸಹಿತ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಫೋಟೋ ಆಗಿ ಹೋದರೆ ಕುಗ್ಗಿಸುವಾಗ ಈ ಟಿಪ್ಪಣಿ ಉದುರಿಹೋಗುತ್ತದೆ, ಅದರ ಒರಟು ಕೆಲಸದಿಂದ ಆಗುವ ಒಂದು ಉಪಕಾರ. ಕರ್ಲ್‌ಗೆ ಆ ಒರಟುತನವಿಲ್ಲ. 2012ರ ಡಿಸೆಂಬರಿನಲ್ಲಿ ಆ್ಯಂಟಿವೈರಸ್ ಖ್ಯಾತಿಯ ಜಾನ್ ಮೆಕಾಫಿ ಪೊಲೀಸರಿಂದ ತಪ್ಪಿಸಿಕೊಂಡು ಓಡುತ್ತಿದ್ದಾಗ, ಜತೆಗಿದ್ದ ವೈಸ್ ಪತ್ರಿಕೆಯವರು ಪ್ರಕಟಿಸಿದ ಒಂದು ಫೋಟೋದಲ್ಲಿ ಈ ಟಿಪ್ಪಣಿ ಉಳಿದುಬಿಟ್ಟಿತ್ತು. ಮೆಕಾಫಿ ಗ್ವಾಟೆಮಾಲಾದಲ್ಲಿರುವುದು ಜಗತ್ತಿಗೇ ತಿಳಿಯಿತು. ತೈಲ ಘಟಕ, ಬಂದರು, ಕಾಮಗಾರಿಯ ಸೈಟುಗಳಲ್ಲಿ ದುಡಿಯುವವರು ಫೋಟೋವನ್ನು ಪೂರ್ತಿ ಗುಣಮಟ್ಟದಲ್ಲಿ ಕಳಿಸಲು ಹೊರಟಾಗ ಜಾಗದ ನಕ್ಷೆಯನ್ನೂ ಜತೆಗೆ ಕಟ್ಟಿ ಕೊಟ್ಟಂತಾಗುತ್ತದೆ. ಫಿಲ್ ಹಾರ್ವೆ ಬರೆದ 'ಎಕ್ಸಿಫ್‌ಟೂಲ್' ಎಂಬ ಉಚಿತ ಸಾಧನ ಒಂದೇ ಸಾಲಿನಲ್ಲಿ ಇದನ್ನೆಲ್ಲ ಒರೆಸುತ್ತದೆ: ಸಾಧನದ ಹೆಸರಿನ ಮುಂದೆ ಹೈಫನ್, ಆಲ್, ಈಕ್ವಲ್ ಟು ಎಂದು ಖಾಲಿ ಬಿಟ್ಟು, ಆಮೇಲೆ ಫೋಟೋದ ಹೆಸರು.

ಒಮಾನಿನಲ್ಲಿ ಚಿತ್ರ ಹಂಚುವ ವಿಷಯ ಬರೀ ಎಚ್ಚರಿಕೆಯ ಮಾತಾಗಿ ಉಳಿದಿಲ್ಲ, ಕಾನೂನಿನ ಮಾತು. 2011ರ 12ನೇ ರಾಜಾಜ್ಞೆಯಾಗಿ ಬಂದ ಸೈಬರ್ ಅಪರಾಧ ಕಾಯ್ದೆಯ 16ನೇ ವಿಧಿ ಇಂಟರ್‌ನೆಟ್ಟನ್ನೂ ಕ್ಯಾಮೆರಾ ಇರುವ ಫೋನನ್ನೂ ಹೆಸರಿಸಿಯೇ ಮಾತಾಡುತ್ತದೆ. ಒಬ್ಬರ ಖಾಸಗಿ ಅಥವಾ ಕುಟುಂಬ ಜೀವನಕ್ಕೆ ಧಕ್ಕೆಯಾಗುವಂತೆ ಚಿತ್ರ ತೆಗೆದರೆ, ಅವರ ಸುದ್ದಿ, ದೃಶ್ಯ ಹರಡಿದರೆ, ಅದು ಸತ್ಯವೇ ಆಗಿದ್ದರೂ ಅಪರಾಧ. ಒಂದರಿಂದ ಮೂರು ವರ್ಷ ಸೆರೆ, ಸಾವಿರದಿಂದ ಐದು ಸಾವಿರ ರಿಯಾಲ್ ದಂಡ, ಇವುಗಳಲ್ಲಿ ಒಂದು ಅಥವಾ ಎರಡೂ. ರಸ್ತೆ ಅಪಘಾತದ ಚಿತ್ರ ತೆಗೆದು ಹಂಚಬೇಡಿ ಎಂದು ರಾಯಲ್ ಒಮಾನ್ ಪೊಲೀಸರು ಮತ್ತೆ ಮತ್ತೆ ಹೇಳುತ್ತಲೇ ಬಂದಿದ್ದಾರೆ. ಊರಿನಲ್ಲಿ ಅಪಘಾತ ಕಂಡ ಕೂಡಲೇ ಫೋನ್ ಎತ್ತುವ ರೂಢಿಯವರು ಇಲ್ಲಿ ಆ ಕೈಯನ್ನು ಜೇಬಿನಲ್ಲೇ ಇಟ್ಟುಕೊಳ್ಳುವುದು ಒಳಿತು. 'ನಾನು ಗ್ರೂಪಿಗೆ ಹಾಕಿಲ್ಲ, ಒಬ್ಬರಿಗೇ ಲಿಂಕ್ ಕೊಟ್ಟೆ' ಎನ್ನುವುದು, ಯಾರು ಬೇಕಾದರೂ ತೆರೆಯಬಹುದಾದ ವಿಳಾಸದ ವಿಷಯದಲ್ಲಿ, ಬಹಳ ದುರ್ಬಲ ಸಮಜಾಯಿಷಿ.

ಆಮೇಲೆ ಬಂದದ್ದು 2022ರ 6ನೇ ರಾಜಾಜ್ಞೆ, ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆ. 2023ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ಮನೆಮಂದಿ ತಮ್ಮೊಳಗೆ ಫೋಟೋ ಹಂಚಿಕೊಳ್ಳುವುದಕ್ಕೆ ಇದು ಅಡ್ಡ ಬರುವುದಿಲ್ಲ. ಬೇರೆಯವರ ಮಾಹಿತಿ ಇಟ್ಟುಕೊಂಡಿರುವ ಕಂಪನಿ, ಆಸ್ಪತ್ರೆ, ಶಾಲೆಗಳಿಗೆ ಇದರ ಬಿಸಿ. ಅಂಥ ಮಾಹಿತಿಯನ್ನು ನಿಯಮ ಮೀರಿ ದೇಶದ ಹೊರಗೆ ಕಳಿಸಿದರೆ ದಂಡ ಲಕ್ಷ ರಿಯಾಲ್‌ಗಳ ಲೆಕ್ಕಕ್ಕೆ ಹೋಗುತ್ತದೆ. ಎಚ್‌ಆರ್ ವಿಭಾಗದ ಹುಡುಗನೊಬ್ಬ ಇಪ್ಪತ್ತು ನೌಕರರ ಪಾಸ್‌ಪೋರ್ಟ್ ಪ್ರತಿಗಳನ್ನು ಒಂದು ಜಿಪ್ ಮಾಡಿ ವಿದೇಶಿ ತಾಣಕ್ಕೆ ಏರಿಸುವುದು ಎಂಟರ್ ಒತ್ತುವಷ್ಟೇ ಸಲೀಸು. ದೇಶದ ಗಡಿ ದಾಟಿದ್ದು ಅವನ ಪರದೆಯ ಮೇಲೆ ಎಲ್ಲೂ ಕಾಣುವುದಿಲ್ಲ.

ಗಡಿ ದಾಟುವುದಂತೂ ಖಂಡಿತ. ಇಂಥ ಹೆಚ್ಚಿನ ತಾಣಗಳ ಸರ್ವರ್ ಇರುವುದು ಯುರೋಪಿನಲ್ಲಿ, ಇಲ್ಲವೇ ಅಮೆರಿಕದಲ್ಲಿ. ರೂವಿಯಿಂದ ಪಕ್ಕದ ದಾರ್ಸೈತ್‌ಗೆ ಕಳಿಸಿದ ಚಿತ್ರ ಸಮುದ್ರದಡಿಯ ಕೇಬಲ್ ಹಿಡಿದು ಭೂಖಂಡ ಸುತ್ತಿ ಬರುತ್ತದೆ. ಆ ಕೇಬಲ್‌ಗಳು ಎಷ್ಟು ಸೂಕ್ಷ್ಮ ಎಂಬುದನ್ನು 2008ರ ಫೆಬ್ರುವರಿ 1ರಂದು ಈ ಭಾಗ ಕಂಡಿತ್ತು. ಒಮಾನ್ ಮತ್ತು ದುಬೈ ನಡುವಿನ ಫಾಲ್ಕನ್ ಕೇಬಲ್ ದುಬೈಯಿಂದ 56 ಕಿ.ಮೀ. ದೂರದಲ್ಲಿ ತುಂಡಾಯಿತು, ಎರಡು ದಿನ ಮೊದಲಷ್ಟೇ ಈಜಿಪ್ಟಿನ ಕಡೆ ಬೇರೆ ಎರಡು ಕೇಬಲ್ ಹೋಗಿದ್ದವು. ದುರಸ್ತಿಗೆ ಹೋದವರಿಗೆ ತಳದಲ್ಲಿ ಸಿಕ್ಕಿದ್ದು ಯಾರೋ ಬಿಟ್ಟುಹೋದ ಐದಾರು ಟನ್ನಿನ ಲಂಗರು. ಬೆಂಗಳೂರಿನ ಕಚೇರಿಗಳೂ ಆ ವಾರ ನಿಧಾನಗತಿಯ ಇಂಟರ್‌ನೆಟ್ಟಿನಲ್ಲಿ ನರಳಿದವು.

ತಾಣಗಳ ಆಯುಷ್ಯವೂ ಗಟ್ಟಿಯಲ್ಲ. ಮೊಜಿಲ್ಲಾ ಸಂಸ್ಥೆ 2019ರ ಮಾರ್ಚಿನಲ್ಲಿ 'ಫೈರ್‌ಫಾಕ್ಸ್ ಸೆಂಡ್' ತಂದಿತು. ಕಳಿಸುವವರ ಕಂಪ್ಯೂಟರಿನಲ್ಲೇ ಫೈಲನ್ನು ಗೂಢಲಿಪಿಗೆ ಇಳಿಸಿ ಕಳಿಸುತ್ತಿದ್ದ ಒಳ್ಳೆಯ ಸೇವೆ. ಕಳ್ಳರಿಗೂ ಅದು ಅಷ್ಟೇ ಇಷ್ಟವಾಯಿತು. ದುಷ್ಟ ತಂತ್ರಾಂಶ ಹಂಚಲು ಬಳಸಿಕೊಂಡರು, 2020ರ ಸೆಪ್ಟೆಂಬರಿನಲ್ಲಿ ಬಾಗಿಲು ಮುಚ್ಚಿತು. ಅಮೆರಿಕದ ಅಲನ್ ಶಾಫ್ 2009ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಕಟ್ಟಿದ 'ಇಮ್ಗುರ್', ಖಾತೆಯಿಲ್ಲದೆ ಏರಿಸಿದ ಹಳೆಯ, ಯಾರೂ ನೋಡದ ಚಿತ್ರಗಳನ್ನು 2023ರ ಮೇ ತಿಂಗಳಿನಿಂದ ಅಳಿಸತೊಡಗಿತು. ಶಾಶ್ವತ ಎಂದುಕೊಂಡಿದ್ದ ಚಿತ್ರಗಳು ಹೋದವು, ತಾತ್ಕಾಲಿಕ ಎಂದುಕೊಂಡ ಪಾಸ್‌ಪೋರ್ಟ್ ವರ್ಷವಿಡೀ ಇರುತ್ತದೆ. ವಿಚಿತ್ರ ವ್ಯವಹಾರ.

ಕೆಲಸ ನಿಲ್ಲಬಾರದು, ಕಾಗದವೂ ಬಯಲಾಗಬಾರದು ಎನ್ನುವವರಿಗೆ ದಾರಿಯಿದೆ. ಏರಿಸುವ ಮೊದಲೇ ಫೈಲಿಗೆ ಬೀಗ ಹಾಕಬೇಕು. ಜಿಪಿಜಿ ಎಂಬ ಹಳೆಯ, ನಂಬಿಕಸ್ಥ ಸಾಧನಕ್ಕೆ ಹೈಫನ್ ಸಣ್ಣ ಸಿ ಎಂದು ಹೇಳಿ ಫೈಲಿನ ಹೆಸರು ಕೊಟ್ಟರೆ ಒಂದು ಪಾಸ್‌ವರ್ಡ್ ಕೇಳುತ್ತದೆ, ಬೀಗ ಹಾಕಿದ ಇನ್ನೊಂದು ಫೈಲು ಮಾಡಿ ಕೊಡುತ್ತದೆ. ಲಿಂಕ್ ವಾಟ್ಸ್‌ಆ್ಯಪ್‌ನಲ್ಲಿ ಹೋಗಲಿ, ಪಾಸ್‌ವರ್ಡ್ ಮಾಮೂಲಿ ಫೋನ್ ಕರೆಯಲ್ಲಿ. ಕಂಪನಿಗಳಿಗಾದರೆ ಇನ್ನೂ ಸರಿಯಾದ ಉಪಾಯ, ಡಚ್ ಪ್ರೋಗ್ರಾಮರುಗಳು ಬರೆದ 'ಟ್ರಾನ್ಸ್‌ಫರ್ ಡಾಟ್ ಎಸ್‌ಎಚ್' ತಂತ್ರಾಂಶವನ್ನು ತಮ್ಮದೇ ಸರ್ವರಿನಲ್ಲಿ ನಡೆಸುವುದು. ಅದರ ಕೋಡ್ ಮುಕ್ತವಾಗಿ ಸಿಗುತ್ತದೆ. ನೌಕರರಿಗೆ ಅದೇ ಒಂದು ಸಾಲಿನ ಅನುಕೂಲ, ಫೈಲು ಮಾತ್ರ ಕಂಪನಿಯ ಗೋಡೆಯೊಳಗೆ.

ಈಗಾಗಲೇ ಏರಿಸಿ ಕೈ ಸುಟ್ಟುಕೊಂಡವರ ಪಾಡು ಬೇರೆ. ಝೀರೋ ಎಕ್ಸ್ ಝೀರೋದಲ್ಲಿ ಫೈಲನ್ನು ಅವಧಿಗೆ ಮೊದಲೇ ಅಳಿಸಬೇಕಾದರೆ 'ಎಕ್ಸ್ ಟೋಕನ್' ಎಂಬ ಗುರುತು ಬೇಕು. ಅಪ್‌ಲೋಡ್ ಆದ ಕೂಡಲೇ ಸರ್ವರ್ ಅದನ್ನು ಕಳಿಸಿಯೇ ಕಳಿಸುತ್ತದೆ, ಆದರೆ ಉತ್ತರದ ತಲೆಬರಹದೊಳಗೆ. ಕರ್ಲ್ ಮಾಮೂಲಿಯಾಗಿ ತಲೆಬರಹ ತೋರಿಸುವುದಿಲ್ಲ. ಆಜ್ಞೆಯಲ್ಲಿ ಹೈಫನ್ ಸಣ್ಣ ಐ ಸೇರಿಸಿದವರಿಗಷ್ಟೇ ಕಾಣುತ್ತದೆ. ಸರಿ, ಅದೇ ಫೈಲನ್ನು ಇನ್ನೊಮ್ಮೆ ಏರಿಸಿ ಟೋಕನ್ ಪಡೆಯೋಣ ಎಂದರೆ ಅದೂ ಆಗದು. ತಾಣದಲ್ಲಿ ಈಗಾಗಲೇ ಇರುವ ಫೈಲು ಮತ್ತೆ ಬಂದರೆ ಹಳೆಯ ಲಿಂಕನ್ನೇ ವಾಪಸ್ ಕೊಡುತ್ತದೆ, ಟೋಕನ್ ಕೊಡುವುದಿಲ್ಲ. ಉಳಿದಿರುವುದು ತಾಣ ನಡೆಸುವವರಿಗೆ ಇಮೇಲ್ ಬರೆದು, ಈ ವಿಳಾಸದಲ್ಲಿರುವುದು ನನ್ನ ಪಾಸ್‌ಪೋರ್ಟ್, ದಯವಿಟ್ಟು ತೆಗೆಯಿರಿ ಎಂದು ಕೇಳಿಕೊಳ್ಳುವ ದಾರಿ. ಆ ಇಮೇಲಿನಲ್ಲಿ ಲಿಂಕನ್ನು ಮತ್ತೊಮ್ಮೆ ಬರೆಯಲೇಬೇಕಾಗುತ್ತದೆ.